ಪಿಟ್ಯುಟರಿಯೇ ಒಡೆಯ ಗ್ರಂಥಿಯಾದರೆ, ಅದಕ್ಕೆ ಸುದ್ದಿ ಮುಟ್ಟಿಸುವವರು ಯಾರು?

ಪ್ರಶ್ನೆ: ಕುತೂಹಲಿ

ಇತ್ತೀಚೆಗೆ ಮಾಡಿಸಿದ ರಕ್ತಪರೀಕ್ಷೆಯ ವರದಿಯನ್ನು ಓದುತ್ತ ಕುಳಿತಾಗ ಹುಟ್ಟಿದ ಕೆಲವು ಸಂದೇಹಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಚಿಕಿತ್ಸೆಯ ಸಲಹೆಯನ್ನು ನಾನು ಕೇಳುತ್ತಿಲ್ಲ, ಅದನ್ನು ನನ್ನ ವೈದ್ಯರು ನೋಡಿಕೊಳ್ಳುತ್ತಿದ್ದಾರೆ. ಆ ಸಂಖ್ಯೆಗಳ ಹಿಂದಿರುವ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದು ತಿಳಿದರೆ ಸಾಕು.

ವರದಿಯಲ್ಲಿ ಟಿಎಸ್‌ಎಚ್, ಅಂದರೆ ಥೈರಾಯ್ಡನ್ನು ಪ್ರಚೋದಿಸುವ ಪಿಟ್ಯುಟರಿಯ ಹಾರ್ಮೋನು, 7.8 ಎಂದಿದೆ. ಪಕ್ಕದಲ್ಲಿ ಮುದ್ರಿಸಿರುವ ಸಹಜ ಮಿತಿ 0.4ರಿಂದ 4.0. ಆದರೆ ಥೈರಾಯ್ಡ್ ಸ್ರವಿಸುವ ಹಾರ್ಮೋನಾದ ಫ್ರೀ ಟಿ4 ಮಿತಿಯೊಳಗೇ ಇದೆ. ಥೈರಾಯ್ಡ್ ಸ್ವಲ್ಪ ಸೋತಂತೆ ಕಾಣುತ್ತದೆ, ಆರೆಂಟು ವಾರ ಬಿಟ್ಟು ಮತ್ತೊಮ್ಮೆ ಪರೀಕ್ಷಿಸೋಣ ಎಂದು ವೈದ್ಯರು ಹೇಳಿದ್ದಾರೆ.

ನನ್ನ ಮೊದಲ ಸಂದೇಹ ಬಾಲಿಶವೆನಿಸಬಹುದು. ಸಂಖ್ಯೆಯೊಂದು ಏರಿದೆ ಎಂದರೆ ಏನೋ ಹೆಚ್ಚಾಗಿದೆ ಎಂದೇ ಯಾರಿಗಾದರೂ ಅನಿಸುತ್ತದೆ. ಇಲ್ಲಿ ಸಂಖ್ಯೆ ಏರಿದ್ದಕ್ಕೆ ಗ್ರಂಥಿ ಸೋತಿದೆ ಎಂಬ ಅರ್ಥ ಬಂದದ್ದು ಹೇಗೆ? ಥೈರಾಯ್ಡ್ ಹಾರ್ಮೋನೇ ಮಿತಿಯೊಳಗಿರುವಾಗ ಅದನ್ನು ಬೇಡುವ ಟಿಎಸ್‌ಎಚ್ ಇಷ್ಟು ಗದ್ದಲ ಮಾಡುತ್ತಿರುವುದೇಕೆ? ಶಾಲೆಯಲ್ಲಿ ನಾವು ಪಿಟ್ಯುಟರಿಯನ್ನು ‘ಒಡೆಯ ಗ್ರಂಥಿ’ ಎಂದು ಬಾಯಿಪಾಠ ಮಾಡಿದ್ದೆವು. ಬಟಾಣಿ ಕಾಳಿನಷ್ಟಿರುವ ಗ್ರಂಥಿಯೊಂದು ತಲೆಬುರುಡೆಯ ತಳದಲ್ಲಿ ಕುಳಿತು, ಕೊರಳಿನಲ್ಲಿರುವ ಇನ್ನೊಂದು ಗ್ರಂಥಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದನ್ನು ಹೇಗೆ ಅರಿಯುತ್ತದೆ? ಕೊನೆಯದಾಗಿ, ಎಲ್ಲ ಹಾರ್ಮೋನುಗಳೂ ಒಂದೇ ರಕ್ತದಲ್ಲಿ ಬೆರೆತು ಮೈಯೆಲ್ಲ ಸುತ್ತುತ್ತವೆ ಎಂದಾದರೆ, ಯಾವುದು ಎಲ್ಲಿಗೆ ತಲುಪಬೇಕೆಂದು ಗೊತ್ತುಮಾಡುವವರು ಯಾರು?

ಉತ್ತರ 1: ನಿವೃತ್ತ ಅಧ್ಯಾಪಕ

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಅದು ಬಗೆಹರಿಯದೆ ಉಳಿದವು ಬಗೆಹರಿಯುವುದಿಲ್ಲ.

ಲಾಲಾರಸದ ಗ್ರಂಥಿಗೂ ಬೆವರಿನ ಗ್ರಂಥಿಗೂ ನಾಳಗಳಿವೆ. ಅವು ಸ್ರವಿಸಿದ್ದು ನಾಳದ ಬಾಯಿ ತೆರೆಯುವ ಜಾಗಕ್ಕೇ ಹೋಗಿ ಬೀಳುತ್ತದೆ. ಥೈರಾಯ್ಡ್, ಅಡ್ರಿನಲ್, ಪಿಟ್ಯುಟರಿ ಮೊದಲಾದವುಗಳಿಗೆ ಅಂಥ ನಾಳಗಳಿಲ್ಲ, ಆದ್ದರಿಂದಲೇ ಅವುಗಳನ್ನು ನಿರ್ನಾಳ ಗ್ರಂಥಿಗಳೆಂದು ಕರೆಯುತ್ತಾರೆ. ಅವು ತಮ್ಮ ಸ್ರಾವವನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ, ರಕ್ತವು ಅದನ್ನು ಬೇಕಾದವರಿಗೂ ಬೇಡದವರಿಗೂ ಸಮನಾಗಿ ಹಂಚುತ್ತ ಹೋಗುತ್ತದೆ. ಅಂದರೆ ಹಾರ್ಮೋನಿಗೆ ವಿಳಾಸವೆಂಬುದೇ ಇಲ್ಲ. ಅದು ಊರಿಗೆಲ್ಲ ಸಾರಿದ ಡಂಗುರ. ಆ ಡಂಗುರವನ್ನು ಕೇಳಿಸಿಕೊಳ್ಳುವ ಕಿವಿ ಕೆಲವು ಜೀವಕೋಶಗಳಿಗೆ ಮಾತ್ರ ಇರುತ್ತದೆ, ಆ ಕಿವಿಗೆ ನಾವು ಗ್ರಾಹಕ ಎನ್ನುತ್ತೇವೆ. ಇನ್ಸುಲಿನ್‌ನಂಥ ಪ್ರೋಟೀನ್ ಜಾತಿಯ ಹಾರ್ಮೋನುಗಳು ಕೋಶದ ಪೊರೆಯನ್ನು ದಾಟಲಾರವು, ಆದ್ದರಿಂದ ಅವುಗಳ ಗ್ರಾಹಕಗಳು ಕೋಶದ ಹೊರಮೈಯಲ್ಲಿರುತ್ತವೆ. ಕಾರ್ಟಿಸೋಲ್, ಈಸ್ಟ್ರೋಜನ್ ಮುಂತಾದ ಕೊಬ್ಬಿನಲ್ಲಿ ಕರಗುವ ಸ್ಟೀರಾಯ್ಡ್‌ಗಳು ಪೊರೆಯನ್ನು ದಾಟಿ ಒಳಗಿನ ಗ್ರಾಹಕವನ್ನು ಕೂಡಿಕೊಂಡು ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನೇ ಬದಲಿಸುತ್ತವೆ. ಅದಕ್ಕೇ ಮೊದಲನೆಯವುಗಳ ಪರಿಣಾಮ ಬಹುಪಾಲು ನಿಮಿಷಗಳಲ್ಲಿ ಕಾಣಿಸಿಕೊಂಡರೆ, ಎರಡನೆಯವುಗಳ ಪರಿಣಾಮ ಕಾಣಲು ಸಾಮಾನ್ಯವಾಗಿ ಗಂಟೆಗಳೋ ದಿನಗಳೋ ಬೇಕಾಗುತ್ತವೆ.

ಸಂದೇಶದ ಅರ್ಥವನ್ನು ನಿರ್ಧರಿಸುವುದು ಕಳುಹಿಸಿದವರಿಗಿಂತ ಹೆಚ್ಚಾಗಿ ಕೇಳಿಸಿಕೊಂಡವರು ಎಂಬುದಕ್ಕೆ ಅಡ್ರಿನಲಿನ್ ಒಳ್ಳೆಯ ಸಾಕ್ಷಿ. ಗಾಬರಿಯಾದಾಗ ಹೊಮ್ಮುವ ಒಂದೇ ಅಡ್ರಿನಲಿನ್ ಚರ್ಮದ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಸ್ನಾಯುಗಳ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಶ್ವಾಸನಾಳಗಳನ್ನು ಸಡಿಲಗೊಳಿಸುತ್ತದೆ. ಸಂದೇಶವಾಹಕ ಒಂದೇ ಆದರೂ ಗ್ರಾಹಕಗಳು ಬೇರೆ ಬೇರೆ. ಇದರ ಇನ್ನೊಂದು ಮುಖವನ್ನು ಆಂಡ್ರೋಜನ್ (ಟೆಸ್ಟೊಸ್ಟಿರಾನ್‌ನಂಥ ಗಂಡು ಹಾರ್ಮೋನು) ಗ್ರಾಹಕವು ಹುಟ್ಟಿನಿಂದಲೇ ಕೆಲಸ ಮಾಡದಿರುವವರಲ್ಲಿ ಕಾಣಬಹುದು. ಅವರ ವರ್ಣತಂತುಗಳು ಎಕ್ಸ್-ವೈ ಆಗಿದ್ದು ರಕ್ತದಲ್ಲಿ ಬೇಕಾದಷ್ಟು ಟೆಸ್ಟೊಸ್ಟಿರಾನ್ ಇದ್ದರೂ, ಅದನ್ನು ಕೇಳುವ ಕಿವಿ ಇಲ್ಲದಿರುವುದರಿಂದ ದೇಹವು ಹೊರನೋಟಕ್ಕೆ ಹೆಣ್ಣಿನ ದೇಹವಾಗಿಯೇ ಬೆಳೆಯುತ್ತದೆ.

ಇನ್ನು ನಿಮ್ಮ ವರದಿ. ಮೆದುಳಿನ ತಳಭಾಗದಲ್ಲಿರುವ ಹೈಪೊಥಲಾಮಸ್ ಟಿಆರ್‌ಎಚ್ ಎಂಬ ಹಾರ್ಮೋನನ್ನು ಬಿಡುತ್ತದೆ, ಅದು ಪಿಟ್ಯುಟರಿಯಿಂದ ಟಿಎಸ್‌ಎಚ್ ಹೊರಡಿಸುತ್ತದೆ, ಟಿಎಸ್‌ಎಚ್ ಥೈರಾಯ್ಡಿನಿಂದ ಮುಖ್ಯವಾಗಿ ಟಿ4 ಅನ್ನೂ ಸ್ವಲ್ಪ ಮಟ್ಟಿಗೆ ಟಿ3 ಅನ್ನೂ ಹೊರಡಿಸುತ್ತದೆ. ಈ ಹೆಸರುಗಳಲ್ಲಿರುವ ನಾಲ್ಕು, ಮೂರು ಎಂಬುವು ಆ ಅಣುವಿನಲ್ಲಿರುವ ಅಯೋಡಿನ್ ಪರಮಾಣುಗಳ ಎಣಿಕೆ. ಟಿ4 ಬಹುಮಟ್ಟಿಗೆ ದಾಸ್ತಾನಿನ ರೂಪ, ಅಂಗಾಂಶಗಳು ಅದರಿಂದ ಒಂದು ಅಯೋಡಿನ್ ಕಳಚಿ ಹೆಚ್ಚು ಚುರುಕಾದ ಟಿ3 ಮಾಡಿಕೊಳ್ಳುತ್ತವೆ. ಹೀಗೆ ಹುಟ್ಟಿದ ಹಾರ್ಮೋನು ಉಳಿದ ಅಂಗಗಳಿಗೆ ತಲುಪುವಂತೆಯೇ ಪಿಟ್ಯುಟರಿಗೂ ಹೈಪೊಥಲಾಮಸ್ಸಿಗೂ ತಲುಪಿ, ಸಾಕು ಎಂದು ಅವುಗಳ ಬಾಯಿ ಮುಚ್ಚಿಸುತ್ತದೆ. ಪಿಟ್ಯುಟರಿಗೆ ಕೊರಳಿನ ಸುದ್ದಿ ತಲುಪುವುದು ಈ ದಾರಿಯಲ್ಲೇ, ಬೇರೆ ಗುಪ್ತಚರರು ಯಾರೂ ಇಲ್ಲ. ಇದನ್ನೇ ನೆಗೆಟಿವ್ ಫೀಡ್‌ಬ್ಯಾಕ್ ಎನ್ನುವುದು. ಥೈರಾಯ್ಡ್ ಸೋಲಲು ತೊಡಗಿದಾಗ ಆ ‘ಸಾಕು’ ಕ್ಷೀಣವಾಗುತ್ತದೆ, ಟಿಎಸ್‌ಎಚ್ ಏರುತ್ತದೆ. ಆದ್ದರಿಂದ ಏರಿದ ಟಿಎಸ್‌ಎಚ್ ಎಂಬುದು ಥೈರಾಯ್ಡಿನ ಅಳತೆಯಲ್ಲ, ಅದರ ಬಗ್ಗೆ ಪಿಟ್ಯುಟರಿಗಿರುವ ಅಸಮಾಧಾನದ ಅಳತೆ.

ಟಿ4 ಸಹಜವಾಗಿರುವುದೇಕೆ ಎಂಬ ಪ್ರಶ್ನೆಯೂ ಇಲ್ಲೇ ಕರಗುತ್ತದೆ. ಪಿಟ್ಯುಟರಿ ಬಹಳ ಸೂಕ್ಷ್ಮ. ಟಿ4 ತುಸು ಇಳಿದರೂ ಟಿಎಸ್‌ಎಚ್ ಹಲವು ಪಟ್ಟು ಏರುತ್ತದೆ. ಪ್ರಯೋಗಾಲಯದ ಸಹಜ ಮಿತಿ ಜನಸಮೂಹದ ಮಿತಿಯಾದ್ದರಿಂದ ಅದು ಅಗಲವಾಗಿದೆ. ಆದರೆ ಒಬ್ಬೊಬ್ಬ ವ್ಯಕ್ತಿಯ ಟಿ4 ಆ ಅಗಲದೊಳಗಿನ ಒಂದು ಕಿರಿದಾದ ಪಟ್ಟಿಯಲ್ಲೇ ಓಡಾಡಿಕೊಂಡಿರುತ್ತದೆ. ನಿಮ್ಮ ಪಾಲಿನ ಪಟ್ಟಿಯಿಂದ ಅದು ಕೆಳಗೆ ಜಾರಿದರೂ ಎಲ್ಲರ ಪಾಲಿನ ಮಿತಿಯೊಳಗೇ ಉಳಿದಿರಬಹುದು. ಮೇಲಾಗಿ, ಏರಿದ ಟಿಎಸ್‌ಎಚ್ ಬಡಿದೆಬ್ಬಿಸುತ್ತಿರುವುದರಿಂದಲೇ ಸೋತ ಗ್ರಂಥಿ ಆ ಮಟ್ಟವನ್ನಾದರೂ ಕಾಯ್ದುಕೊಂಡಿರಬಹುದು. ವೈದ್ಯರು ಇದನ್ನು ಸಬ್‌ಕ್ಲಿನಿಕಲ್ ಹೈಪೊಥೈರಾಯ್ಡಿಸಮ್ ಎನ್ನುತ್ತಾರೆ. ಬೇರೆ ಕಾಯಿಲೆಯಿಂದ ಚೇತರಿಸಿಕೊಳ್ಳುವಾಗಲೂ ಟಿಎಸ್‌ಎಚ್ ಸ್ವಲ್ಪ ಕಾಲ ಏರಿ ತಾನಾಗಿಯೇ ಇಳಿಯುವುದುಂಟು, ಆದ್ದರಿಂದ ಒಂದೇ ವರದಿಯನ್ನು ನಂಬಿ ಯಾರೂ ಮಾತ್ರೆ ಬರೆಯಲು ಅವಸರಪಡುವುದಿಲ್ಲ.

ಉತ್ತರ 2: ಇತಿಹಾಸದ ಓದುಗ

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಆದರೆ ‘ಒಡೆಯ ಗ್ರಂಥಿ’ ಎಂಬ ಮಾತನ್ನು ಅಧ್ಯಾಪಕರು ಸುಮ್ಮನೆ ಬಿಟ್ಟುಬಿಟ್ಟರು. ಆ ಮಾತನ್ನು ಪಠ್ಯಪುಸ್ತಕಗಳಿಂದ ತೆಗೆದುಹಾಕುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಮೊದಲು ಪತ್ತೆಯಾಗಿ ‘ಹಾರ್ಮೋನು’ ಎಂಬ ಕಲ್ಪನೆಗೇ ದಾರಿ ಮಾಡಿಕೊಟ್ಟ ವಸ್ತು ಬಂದದ್ದು ಪಿಟ್ಯುಟರಿಯಿಂದಲೂ ಅಲ್ಲ, ಥೈರಾಯ್ಡಿನಿಂದಲೂ ಅಲ್ಲ, ಕರುಳಿನಿಂದ. ಹೊಟ್ಟೆಯ ಆಮ್ಲ ಸಣ್ಣ ಕರುಳಿಗೆ ಇಳಿದೊಡನೆ ಮೇದೋಜೀರಕ ಗ್ರಂಥಿಯು ರಸ ಸುರಿಸುವುದು ನರಗಳ ಮೂಲಕ ನಡೆಯುವ ಕ್ರಿಯೆ ಎಂದು ಪಾವ್ಲೋವ್ ಮತ್ತು ಅವರ ಶಿಷ್ಯರು ನಂಬಿದ್ದರು. 1902ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಅವರು ನಾಯಿಯ ಕರುಳಿನ ಒಂದು ಭಾಗಕ್ಕೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ರಕ್ತನಾಳಗಳನ್ನು ಮಾತ್ರ ಉಳಿಸಿ, ಅಲ್ಲಿಗೆ ಆಮ್ಲ ಹಾಕಿದರು. ನರಗಳೇ ಇಲ್ಲದಿದ್ದರೂ ಮೇದೋಜೀರಕದ ರಸ ಎಂದಿನಂತೆ ಹರಿಯಿತು. ಆಮೇಲೆ ಕರುಳಿನ ಒಳಪದರವನ್ನು ಕೆರೆದು, ಆಮ್ಲದೊಡನೆ ಅರೆದು, ಸೋಸಿ ರಕ್ತನಾಳಕ್ಕೆ ಚುಚ್ಚಿದಾಗಲೂ ರಸ ಹರಿಯಿತು. ಆ ಅಜ್ಞಾತ ವಸ್ತುವಿಗೆ ಅವರು ಸಿಕ್ರಿಟಿನ್ ಎಂದು ಹೆಸರಿಟ್ಟರು. ಪ್ರಚೋದಿಸು ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಬಂದ ‘ಹಾರ್ಮೋನ್’ ಎಂಬ ಪದವನ್ನು ಸ್ಟಾರ್ಲಿಂಗ್ ತಮ್ಮ ಉಪನ್ಯಾಸದಲ್ಲಿ ಬಳಸಿದ್ದು 1905ರಲ್ಲಿ.

ಆಮೇಲಿನ ಶತಮಾನದಲ್ಲಿ ಹಾರ್ಮೋನು ಸ್ರವಿಸುವ ಅಂಗಗಳ ಪಟ್ಟಿ ಬೆಳೆಯುತ್ತಲೇ ಹೋಯಿತು. ಕೆಂಪು ರಕ್ತಕಣಗಳನ್ನು ಹೆಚ್ಚಿಸುವ ಎರಿಥ್ರೊಪೊಯೆಟಿನ್ ಮೂತ್ರಪಿಂಡದಿಂದ ಬರುತ್ತದೆ. ಹೃದಯದ ಮೇಲಿನ ಕೋಣೆಗಳು ರಕ್ತದ ಪ್ರಮಾಣ ಹೆಚ್ಚಾಗಿ ಹಿಗ್ಗಿದಾಗ ಉಪ್ಪನ್ನೂ ನೀರನ್ನೂ ಹೊರಹಾಕಿಸುವ ಹಾರ್ಮೋನನ್ನು ಬಿಡುತ್ತವೆ. ಕೇವಲ ದಾಸ್ತಾನಿನ ಕೋಣೆ ಎಂದು ತಿಳಿದಿದ್ದ ಕೊಬ್ಬಿನ ಅಂಗಾಂಶವು ಹಸಿವನ್ನು ಹದದಲ್ಲಿಡುವ ಲೆಪ್ಟಿನ್ ಸ್ರವಿಸುತ್ತದೆ ಎಂಬುದು 1994ರಲ್ಲಿ ಗೊತ್ತಾಯಿತು. ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡಿರುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್‌ಗಳು ರಕ್ತದ ಕ್ಯಾಲ್ಸಿಯಮ್ಮನ್ನು ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ ನಡುವೆ ಹಿಡಿದಿಡುತ್ತವೆ. ಅವು ಕ್ಯಾಲ್ಸಿಯಮ್ಮನ್ನು ತಾವೇ ಅಳೆದು ತಾವೇ ತೀರ್ಮಾನಿಸುತ್ತವೆ, ಪಿಟ್ಯುಟರಿಯ ಅಪ್ಪಣೆಗೆ ಕಾಯುವುದಿಲ್ಲ.

ಇನ್ನು ಆ ‘ಒಡೆಯ’ನ ಸ್ಥಿತಿಯನ್ನು ನೋಡಿ. ಪಿಟ್ಯುಟರಿಯ ಹಿಂಭಾಗವು ಬಿಡುವ ಆಕ್ಸಿಟೋಸಿನ್ ಮತ್ತು ವ್ಯಾಸೊಪ್ರೆಸಿನ್‌ಗಳನ್ನು ತಯಾರಿಸುವುದು ಹೈಪೊಥಲಾಮಸ್, ಹಿಂಭಾಗ ಅವುಗಳ ಉಗ್ರಾಣ ಮಾತ್ರ. ಮುಂಭಾಗವು ತಾನೇ ಹಾರ್ಮೋನುಗಳನ್ನು ತಯಾರಿಸಿದರೂ, ಹೈಪೊಥಲಾಮಸ್ಸಿನಿಂದ ಇಳಿಯುವ ಪ್ರತ್ಯೇಕ ರಕ್ತನಾಳಗಳ ಮೂಲಕ ಸೂಚನೆ ಬಂದ ಮೇಲೆಯೇ ಅದು ಬಹುಪಾಲು ಕೆಲಸ ಮಾಡುವುದು. ಪ್ರೊಲ್ಯಾಕ್ಟಿನ್ ಒಂದು ಮಾತ್ರ ತಿರುಗುಮುರುಗು. ಅದಕ್ಕೆ ಬರುವ ಮುಖ್ಯ ಸೂಚನೆ ತಡೆಯುವ ಸೂಚನೆಯಾದ್ದರಿಂದ, ಪಿಟ್ಯುಟರಿಯ ಕಾಂಡಕ್ಕೆ ಪೆಟ್ಟಾದಾಗ ಉಳಿದ ಹಾರ್ಮೋನುಗಳು ಕುಸಿದರೂ ಪ್ರೊಲ್ಯಾಕ್ಟಿನ್ ಏರುತ್ತದೆ. ಇಂಥ ಸೂಚನೆಗಳು ನಿಜವಾಗಿ ಇವೆ ಎಂದು ತೋರಿಸಲು ರೋಜೆ ಗಿಯ್ಮಾಂ ಮತ್ತು ಆಂಡ್ರ್ಯೂ ಶಾಲಿ ಅವರ ಪ್ರತಿಸ್ಪರ್ಧಿ ತಂಡಗಳು ಲಕ್ಷಗಟ್ಟಲೆ ಕುರಿ ಹಂದಿಗಳ ಹೈಪೊಥಲಾಮಸ್ ತುಣುಕುಗಳನ್ನು ಸಂಗ್ರಹಿಸಿ ಅರೆದು, ಮಿಲಿಗ್ರಾಂ ಲೆಕ್ಕದಲ್ಲಿ ಸಿಕ್ಕ ವಸ್ತುವಿನಿಂದ 1969ರಲ್ಲಿ ಟಿಆರ್‌ಎಚ್ ರಚನೆಯನ್ನು ಬಿಡಿಸಿದವು. ಇಷ್ಟೆಲ್ಲ ಶ್ರಮದ ಕೊನೆಗೆ ಸಿಕ್ಕಿದ್ದು ಮೂರೇ ಅಮಿನೊ ಆಮ್ಲಗಳ ಪುಟ್ಟ ಸರಪಳಿ. 1977ರ ನೊಬೆಲ್ ಪ್ರಶಸ್ತಿಯನ್ನು ಅವರಿಬ್ಬರು ರೊಸಾಲಿನ್ ಯಾಲೊ ಅವರೊಡನೆ ಹಂಚಿಕೊಂಡರು. ರಕ್ತದಲ್ಲಿ ಅತ್ಯಲ್ಪವಾಗಿರುವ ಹಾರ್ಮೋನುಗಳನ್ನು ಅಳೆಯುವ ವಿಧಾನವನ್ನು ರೂಪಿಸಿದವರು ಯಾಲೊ. ನಿಮ್ಮ ವರದಿಯ 7.8 ಎಂಬ ಸಂಖ್ಯೆ ಹುಟ್ಟಿದ್ದು ಆ ವಿಧಾನದ ವಂಶದಲ್ಲೇ.

ಪ್ರಶ್ನೆ ಮುಂದುವರಿದದ್ದು: ಕುತೂಹಲಿ

ಇಬ್ಬರಿಗೂ ಕೃತಜ್ಞತೆಗಳು. ‘ಅಸಮಾಧಾನದ ಅಳತೆ’ ಎಂಬ ಮಾತು ನನ್ನ ಅರ್ಧ ಗೊಂದಲವನ್ನು ಕಳೆಯಿತು. ಆದರೆ ಅದರಿಂದಲೇ ಇನ್ನೊಂದು ತೊಡಕು ಎದ್ದಿದೆ. ಹೆಚ್ಚಾದಾಗ ‘ಸಾಕು’, ಕಡಿಮೆಯಾದಾಗ ‘ಬೇಕು’ ಎನ್ನುವ ವ್ಯವಸ್ಥೆ ಎಲ್ಲವನ್ನೂ ಇದ್ದಲ್ಲೇ ಇಡಬೇಕಲ್ಲವೇ? ಹಾಗಿದ್ದಲ್ಲಿ ಪ್ರೌಢಾವಸ್ಥೆ, ತಿಂಗಳ ಋತುಚಕ್ರ, ಹೆರಿಗೆ ಇಂಥ ದೊಡ್ಡ ಬದಲಾವಣೆಗಳು ಸಾಧ್ಯವಾಗುವುದು ಹೇಗೆ? ಇನ್ನೊಂದು ವಿಷಯ: ಪರಿಚಿತರೊಬ್ಬರು ಬೇರೆ ಕಾಯಿಲೆಗಾಗಿ ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ಸೇವಿಸುತ್ತಿದ್ದಾರೆ. ಅದನ್ನು ತಟ್ಟನೆ ನಿಲ್ಲಿಸಬಾರದೆಂದು ಅವರಿಗೆ ಬಿಗಿಯಾಗಿ ಹೇಳಲಾಗಿದೆ. ಅದೂ ಈ ಫೀಡ್‌ಬ್ಯಾಕಿಗೇ ಸಂಬಂಧಿಸಿದ್ದೇ?

ಉತ್ತರ 3: ಸ್ನಾತಕೋತ್ತರ ವಿದ್ಯಾರ್ಥಿನಿ

ಹೌದು, ಅದೇ ಫೀಡ್‌ಬ್ಯಾಕ್. ಮಾತ್ರೆಯ ವಿಷಯವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಅದರಲ್ಲಿ ಜೀವದ ಪ್ರಶ್ನೆಯಿದೆ. ಪ್ರೆಡ್ನಿಸೊಲೋನ್‌ನಂಥ ಮಾತ್ರೆಗಳು ನಮ್ಮದೇ ಕಾರ್ಟಿಸೋಲಿನ ಗ್ರಾಹಕವನ್ನು ಹಿಡಿಯುತ್ತವೆ. ಹೊರಗಿನಿಂದ ಬಂದದ್ದೋ ಒಳಗೆ ತಯಾರಾದದ್ದೋ ಎಂಬ ಭೇದ ಮೆದುಳಿಗೆ ತಿಳಿಯದು. ಸಾಕಷ್ಟಿದೆ ಎಂದುಕೊಂಡು ಹೈಪೊಥಲಾಮಸ್ ಸುಮ್ಮನಾಗುತ್ತದೆ, ಪಿಟ್ಯುಟರಿಯು ಅಡ್ರಿನಲ್ ಗ್ರಂಥಿಯನ್ನು ಪ್ರಚೋದಿಸುವ ಎಸಿಟಿಎಚ್ ಎಂಬ ಹಾರ್ಮೋನನ್ನು ಬಿಡುವುದನ್ನು ತಗ್ಗಿಸುತ್ತದೆ, ಎಸಿಟಿಎಚ್ ಇಲ್ಲದೆ ಅಡ್ರಿನಲ್ ಗ್ರಂಥಿಯಲ್ಲಿ ಕಾರ್ಟಿಸೋಲ್ ತಯಾರಿಸುವ ಪದರಗಳು ವಾರಗಳ ಮೇಲೆ ವಾರ ಕಳೆದಂತೆ ಸೊರಗುತ್ತವೆ. ಆ ಸ್ಥಿತಿಯಲ್ಲಿ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ ಎಂಬಂತಾಗುತ್ತದೆ. ಅದೇ ಹೊತ್ತಿಗೆ ಜ್ವರವೋ ಶಸ್ತ್ರಚಿಕಿತ್ಸೆಯೋ ಬಂದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಪ್ರಮಾಣವನ್ನು ಮೆಲ್ಲಮೆಲ್ಲನೆ ಇಳಿಸುವುದು ಈ ಮೂರು ಹಂತಗಳೂ ಒಂದೊಂದಾಗಿ ಎಚ್ಚರಗೊಳ್ಳಲಿ ಎಂದು. ಪೂರ್ತಿ ಚೇತರಿಕೆಗೆ ಕೆಲವರಲ್ಲಿ ತಿಂಗಳುಗಳೇ ಹಿಡಿಯುತ್ತವೆ.

‘ಎಲ್ಲವನ್ನೂ ಇದ್ದಲ್ಲೇ ಇಡುವುದು’ ಎಂಬ ನಿಮ್ಮ ಊಹೆಯನ್ನು ಸ್ವಲ್ಪ ತಿದ್ದಬೇಕಾಗುತ್ತದೆ. ಕಾರ್ಟಿಸೋಲ್ ಮುಂಜಾನೆ ಏಳುವ ಹೊತ್ತಿಗೆ ಶಿಖರ ಮುಟ್ಟಿ ನಡುರಾತ್ರಿಯ ಸುಮಾರಿಗೆ ತಳ ಮುಟ್ಟುತ್ತದೆ. ಬೆಳವಣಿಗೆಯ ಹಾರ್ಮೋನು ಗಾಢನಿದ್ರೆಯ ಮೊದಲ ಗಂಟೆಗಳಲ್ಲಿ ಚಿಮ್ಮುತ್ತದೆ. ಗುರಿಯೇ ಗಡಿಯಾರದೊಡನೆ ಚಲಿಸುತ್ತಿರುತ್ತದೆ, ಫೀಡ್‌ಬ್ಯಾಕ್ ಆ ಚಲಿಸುವ ಗುರಿಯನ್ನು ಹಿಂಬಾಲಿಸುತ್ತದೆ. ಪ್ರೌಢಾವಸ್ಥೆಯೂ ಇಂಥದೇ. ಪಿಟ್ಯುಟರಿಯ ಮೂಲಕ ಲೈಂಗಿಕ ಗ್ರಂಥಿಗಳನ್ನು ಎಬ್ಬಿಸುವ ಜಿಎನ್‌ಆರ್‌ಎಚ್ ಎಂಬ ಹೈಪೊಥಲಾಮಸ್ ಹಾರ್ಮೋನು ಬಾಲ್ಯದುದ್ದಕ್ಕೂ ಬಹುಮಟ್ಟಿಗೆ ತಡೆಹಿಡಿಯಲ್ಪಟ್ಟಿದ್ದು, ಆ ತಡೆ ಸಡಿಲವಾದಾಗ ಮೊದಮೊದಲು ರಾತ್ರಿಯ ನಿದ್ರೆಯಲ್ಲಿ, ಆಮೇಲೆ ಹಗಲಿನಲ್ಲೂ ಮಿಡಿಯತೊಡಗುತ್ತದೆ.

ಮಿಡಿಯುವುದು ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ವಯಸ್ಕರಲ್ಲಿ ಜಿಎನ್‌ಆರ್‌ಎಚ್ ಹರಿದು ಬರುವುದಿಲ್ಲ, ಗಂಟೆಗೊಮ್ಮೆಯೋ ಕೆಲವು ಗಂಟೆಗಳಿಗೊಮ್ಮೆಯೋ ಚಿಮ್ಮಿ ಬರುತ್ತದೆ. 1970ರ ದಶಕದ ಕೊನೆಯಲ್ಲಿ ಅರ್ನ್‌ಸ್ಟ್ ಕ್ನೋಬಿಲ್ ಅವರ ತಂಡವು ಸ್ವಂತ ಜಿಎನ್‌ಆರ್‌ಎಚ್ ಇಲ್ಲದಂತೆ ಮಾಡಿದ ರೀಸಸ್ ಕೋತಿಗಳಿಗೆ ಅದನ್ನು ಗಂಟೆಗೊಂದು ಮಿಡಿತದಂತೆ ಕೊಟ್ಟಾಗ ಪಿಟ್ಯುಟರಿ ಎಂದಿನಂತೆ ಕೆಲಸ ಮಾಡಿತು. ಅದನ್ನೇ ಎಡೆಬಿಡದೆ ಹರಿಸಿದಾಗ ಪಿಟ್ಯುಟರಿ ಸ್ತಬ್ಧವಾಯಿತು. ಎಡೆಬಿಡದ ಕೂಗಿಗೆ ಗ್ರಾಹಕಗಳು ಕಿವಿ ಮುಚ್ಚಿಕೊಳ್ಳುತ್ತವೆ. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಟೆಸ್ಟೊಸ್ಟಿರಾನನ್ನು ತಗ್ಗಿಸಲು, ತೀರಾ ಚಿಕ್ಕ ವಯಸ್ಸಿನಲ್ಲೇ ಬಂದ ಪ್ರೌಢಾವಸ್ಥೆಯನ್ನು ತಡೆಹಿಡಿಯಲು ಕೊಡುವ ಕೆಲವು ಚುಚ್ಚುಮದ್ದುಗಳು ಕೆಲಸ ಮಾಡುವುದು ಈ ತತ್ತ್ವದ ಮೇಲೆಯೇ. ಪ್ರಚೋದಿಸುವ ಹಾರ್ಮೋನನ್ನೇ ಬಿಡುವಿಲ್ಲದೆ ಕೊಟ್ಟು ತಡೆಯುವುದು ಮೊದಲ ಸಲ ಓದಿದಾಗ ನನಗೆ ಅಚ್ಚಿನ ದೋಷವಿರಬೇಕು ಎನಿಸಿತ್ತು.

ಋತುಚಕ್ರದಲ್ಲಿ ಇನ್ನೂ ವಿಚಿತ್ರವಾದುದು ನಡೆಯುತ್ತದೆ. ಚಕ್ರದ ಮೊದಲರ್ಧದಲ್ಲಿ ಈಸ್ಟ್ರೋಜನ್ ಪಿಟ್ಯುಟರಿಯನ್ನು ಹಿಡಿದಿಡುತ್ತದೆ. ಅಂಡಕೋಶಿಕೆ ಬಲಿತಂತೆ ಅದರ ಮಟ್ಟ ಏರಿ, ಆ ಎತ್ತರದಲ್ಲಿ ಸುಮಾರು ಎರಡು ದಿನ ನಿಂತರೆ ಅದೇ ಈಸ್ಟ್ರೋಜನ್ ತಡೆಯುವ ಬದಲು ಹುರಿದುಂಬಿಸತೊಡಗುತ್ತದೆ. ಪಿಟ್ಯುಟರಿಯಿಂದ ಎಲ್‌ಎಚ್ ಎಂಬ ಹಾರ್ಮೋನು ಉಕ್ಕುತ್ತದೆ, ಉಕ್ಕಲು ತೊಡಗಿ ಸುಮಾರು ಒಂದೂವರೆ ದಿನಕ್ಕೆ ಅಂಡ ಬಿಡುಗಡೆಯಾಗುತ್ತದೆ. ಹೆರಿಗೆಯಲ್ಲೂ ಹೀಗೆಯೇ. ಮಗುವಿನ ತಲೆ ಗರ್ಭಕೊರಳನ್ನು ಒತ್ತಿದಷ್ಟೂ ಆಕ್ಸಿಟೋಸಿನ್ ಹೆಚ್ಚುತ್ತದೆ, ಆಕ್ಸಿಟೋಸಿನ್ ಹೆಚ್ಚಿದಷ್ಟೂ ಗರ್ಭಾಶಯ ಬಿಗಿದು ತಲೆಯನ್ನು ಇನ್ನಷ್ಟು ಒತ್ತುತ್ತದೆ. ಇವು ಪಾಸಿಟಿವ್ ಫೀಡ್‌ಬ್ಯಾಕ್. ಇವುಗಳಿಗೆ ತಮ್ಮೊಳಗೆ ಕಡಿವಾಣವಿಲ್ಲ, ಅಂಡ ಹೊರಬಿದ್ದಾಗ ಅಥವಾ ಮಗು ಹುಟ್ಟಿದಾಗ ಕಾರಣವೇ ಇಲ್ಲವಾಗಿ ನಿಲ್ಲುತ್ತವೆ. ದೇಹವು ಇವನ್ನು ಮುಗಿಯಲೇಬೇಕಾದ ಕೆಲವೇ ಕೆಲಸಗಳಿಗೆ ಮೀಸಲಿಟ್ಟಿದೆ.

ಉತ್ತರ 4: ನಿವೃತ್ತ ಅಧ್ಯಾಪಕ

ಒಡೆಯ ಗ್ರಂಥಿಯ ಬಗೆಗಿನ ಆಕ್ಷೇಪ ಸರಿಯಾಗಿದೆ, ನಾನೂ ದಶಕಗಟ್ಟಲೆ ಆ ಮಾತನ್ನು ತರಗತಿಯಲ್ಲಿ ಹೇಳಿಕೊಂಡು ಬಂದವನೇ. ಮೊದಲ ಪ್ರಶ್ನೆಗೆ ಹೊಂದುವ ಇನ್ನೊಂದು ಉದಾಹರಣೆಯನ್ನು ಸೇರಿಸುತ್ತೇನೆ, ಏಕೆಂದರೆ ‘ಸಂಖ್ಯೆ ಸಹಜ, ಆದರೂ ತೊಂದರೆ’ ಎಂಬ ಒಗಟು ಥೈರಾಯ್ಡಿಗೆ ಮಾತ್ರ ಸೀಮಿತವಲ್ಲ.

ವಯಸ್ಕನೊಬ್ಬನ ಇಡೀ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಗ್ಲೂಕೋಸ್ ಸುಮಾರು 5 ಗ್ರಾಂ, ಒಂದು ಸಣ್ಣ ಚಮಚದಷ್ಟು. ಮೆದುಳೊಂದೇ ದಿನಕ್ಕೆ ಸುಮಾರು 120 ಗ್ರಾಂ ಬಳಸುತ್ತದೆ, ಅಂದರೆ ಗಂಟೆಯೊಂದರಲ್ಲಿ ರಕ್ತವನ್ನು ಬರಿದು ಮಾಡುವಷ್ಟು. ಹಾಗಾಗದಂತೆ ಯಕೃತ್ತು ಸುರಿಯುತ್ತಲೇ ಇರುತ್ತದೆ, ಇನ್ಸುಲಿನ್ ಒಳಗೆಳೆಯುತ್ತಲೇ ಇರುತ್ತದೆ, ಗ್ಲೂಕಗಾನ್ ಹೊರಗೆ ತಳ್ಳುತ್ತಲೇ ಇರುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬುದು ಬೇಸಾಯಕ್ಕೆ ಕೇಡಾದರೂ ದೇಹಕ್ಕೆ ಬೇಕಾದದ್ದು ಅದೇ. ರಕ್ತಕ್ಕೆ ಬಂದ ಇನ್ಸುಲಿನ್ನಿನ ಅರ್ಧದಷ್ಟು ಐದಾರು ನಿಮಿಷಗಳಲ್ಲಿ ಕಣ್ಮರೆಯಾಗುವುದರಿಂದ ತೀರ್ಮಾನವನ್ನು ಕ್ಷಣಕ್ಷಣಕ್ಕೂ ಬದಲಿಸಲು ಸಾಧ್ಯವಾಗುತ್ತದೆ. ಟಿ4 ಅರ್ಧವಾಗಲು ಸುಮಾರು ಒಂದು ವಾರ ಬೇಕು. ಒಂದು ಊಟದಿಂದ ಊಟಕ್ಕೆ ದುಡಿಯುವುದು, ಇನ್ನೊಂದು ತಿಂಗಳಿನಿಂದ ತಿಂಗಳಿಗೆ.

ಸ್ನಾಯು, ಯಕೃತ್ತು, ಕೊಬ್ಬಿನ ಕೋಶಗಳು ಇನ್ಸುಲಿನ್ ಮಾತಿಗೆ ಮಂದವಾದಾಗ ಮೇದೋಜೀರಕ ಗ್ರಂಥಿಯು ದನಿಯೇರಿಸುತ್ತದೆ. ಇನ್ಸುಲಿನ್ ದುಪ್ಪಟ್ಟಾಗಬಹುದು, ಅದಕ್ಕಿಂತಲೂ ಹೆಚ್ಚಾಗಬಹುದು. ಅಷ್ಟು ವರ್ಷವೂ ಉಪವಾಸದ ಸಕ್ಕರೆ 70ರಿಂದ 100ರೊಳಗೇ ಉಳಿದು, ವರದಿಯಲ್ಲಿ ಏನೂ ಕಾಣದಿರಬಹುದು. ದನಿ ಏರಿಸಲಾಗದ ದಿನ ಬಂದಾಗಲೇ ಸಕ್ಕರೆ ಏರುವುದು. ನಿಮ್ಮ ವರದಿಯ ವಿಷಯದಲ್ಲಿ ಅದೃಷ್ಟವೆಂದರೆ, ಆ ಏರಿದ ದನಿಯನ್ನೂ ಅಳೆಯುವುದು ಥೈರಾಯ್ಡ್ ಪರೀಕ್ಷೆಯಲ್ಲಿ ರೂಢಿಯಾಗಿದೆ.

ಇದೇ ಕಾರಣಕ್ಕೆ ‘ಹಾರ್ಮೋನ್ ಬ್ಯಾಲೆನ್ಸ್ ಮಾಡುತ್ತದೆ’ ಎಂದು ಮಾರುವ ಪುಡಿ ಗುಳಿಗೆಗಳ ಬಗ್ಗೆ ನನಗೆ ಗೌರವವಿಲ್ಲ. ಯಾವ ಹಾರ್ಮೋನು, ಯಾವುದರೊಡನೆ, ದಿನದ ಯಾವ ಹೊತ್ತಿನಲ್ಲಿ ಎಂದು ಕೇಳಿದರೆ ಉತ್ತರವಿರುವುದಿಲ್ಲ.

ಉತ್ತರ 5: ಪ್ರಯೋಗಾಲಯದಲ್ಲಿರುವವನು

ಪುಡಿ ಗುಳಿಗೆಗಳ ಮಾತು ಬಂದದ್ದರಿಂದ ಒಂದು ಸಣ್ಣ ಸೇರ್ಪಡೆ. ಕೂದಲು, ಉಗುರಿನ ಆರೋಗ್ಯಕ್ಕೆಂದು ಮಾರುವ ಗುಳಿಗೆಗಳಲ್ಲಿ ಬಯೋಟಿನ್ ಹೆಚ್ಚಿನ ಪ್ರಮಾಣದಲ್ಲಿರುತ್ತದೆ. ಅನೇಕ ಹಾರ್ಮೋನು ಪರೀಕ್ಷೆಗಳ ರಾಸಾಯನಿಕ ಕ್ರಮವು ಬಯೋಟಿನ್ನನ್ನೇ ಕೊಕ್ಕೆಯಾಗಿ ಬಳಸುವುದರಿಂದ, ರಕ್ತದಲ್ಲಿ ಅದು ಹೆಚ್ಚಾಗಿದ್ದರೆ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆಯಾಗಿಯೂ ಟಿ4 ಇರುವುದಕ್ಕಿಂತ ಹೆಚ್ಚಾಗಿಯೂ ಕಾಣಬಹುದು. ಅಂದರೆ ನಿಜವಾಗಿ ಸೋತ ಥೈರಾಯ್ಡ್ ಸಹಜವೆಂಬಂತೆ ವರದಿಯಾಗುವ ಸಂಭವವಿದೆ. ಅಂಥ ಗುಳಿಗೆ ಸೇವಿಸುತ್ತಿದ್ದಲ್ಲಿ ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ನಿಲ್ಲಿಸುವ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ, ರಕ್ತ ಕೊಡುವಾಗ ನಮಗೂ ಹೇಳಿ.

ಟಿಎಸ್‌ಎಚ್ ಕೂಡ ದಿನದ ಗಡಿಯಾರವನ್ನು ಅನುಸರಿಸುತ್ತದೆ. ರಾತ್ರಿ ಏರಿ ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ. ಮೊದಲ ಸಲ ಬೆಳಿಗ್ಗೆ ರಕ್ತ ಕೊಟ್ಟಿದ್ದರೆ ಆರೆಂಟು ವಾರಗಳ ನಂತರವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಸಾಧ್ಯವಾದರೆ ಅದೇ ಪ್ರಯೋಗಾಲಯದಲ್ಲಿ ಕೊಡಿ.